ಕಪ್ಪು ಬಣ್ಣದ ಕೆಳಗೆ

ಲೊರೇನ್ ಗಿಟಾರಿನ ಮುಂಭಾಗದ ಫಲಕ ಕಳಚಿ, ವೈರುಗಳಿರುವ ಗುಳಿಯೊಳಕ್ಕೆ, ಬಣ್ಣದ ಹಳೆಯ ಪದರ ತೋರಿಸುವ ನೇರಳೆ ದೀಪ ಹಿಡಿದಳು. ಮೆಂಫಿಸ್‌ನ ಅವಳ ರಿಪೇರಿ ಅಂಗಡಿಯಲ್ಲಿ ನಾನು ತಂತಿ ಕೊಳ್ಳಲು ನಿಂತಿದ್ದೆ. ಗಿಟಾರ್ ತಂದಿದ್ದ ಡ್ಯಾರೆಲ್ ನನ್ನ ಮುಂದಿದ್ದ.

"ಈ ಕಪ್ಪು ಆಮೇಲೆ ಬಳಿದಿದ್ದು. ಒಳಗೆ ಕೆಂಪಿದೆ."

"ಇರ್ಲಿ ಬಿಡು. ಅಸಲಿ ಅಂತ ನೀನು ಹೇಳಿದ್ರೆ ತಗೋತೀನಿ ಅಂದಿದಾನೆ ಗಿರಾಕಿ."

"ಅಸಲೀನೇ. ಒಂದು ಬೆಸುಗೆ ಬಿಟ್ರೆ ಎಲ್ಲಾ ಕಾರ್ಖಾನೇದೇ."

"ಆ ಒಂದು ಯಾರ್ದು?"

"ನಂದು."

ಡ್ಯಾರೆಲ್ ನಕ್ಕ. "ಅದರ ಮೇಲೂ ಹೆಸ್ರು ಕೆತ್ತಿದೀಯಾ ತಾಯಿ?"

"ವೈರನ್ನ ಎಡಕ್ಕೆ ಸುತ್ತಿ ಬೆಸೆಯೋ ಎಡಗೈಯವಳು ಈ ಊರಲ್ಲಿ ನಾನೊಬ್ಳೇ. ಈ ಗಿಟಾರ್ ರೂಫಸ್‌ದು. ಅವನ ಜೊತೇಲೇ ಕಾಣೆಯಾಗಿದ್ದು."

"ನಂಗೆ ಮಾರಿದ್ದ. ಕಾಣೆಯಾಗೋಕೆ ಒಂದು ತಿಂಗಳು ಮುಂಚೆ."

"ಈ ಬೆಸುಗೆ ಹಾಕಿದ್ದು ಅವನು ಕಾಣೆಯಾದ ದಿನಾನೇ, ಡ್ಯಾರೆಲ್. ಇಲ್ಲಿಂದ ನೇರ ನಿನ್ನ ಮನೆಗೇ ಹೋಗ್ತೀನಿ ಅಂದ."

"ಇಲ್ಲಿಗೆ ಬಂದಿದ್ನಾ?"

"ಬಂದಿದ್ದ. ಅವನು ನಿನ್ನ ಮನೆಗೆ ಬರ್ಲೇ ಇಲ್ಲ ಅಂತ ಪೊಲೀಸರಿಗೆ ಹೇಳಿದೋನು ನೀನು."

ಡ್ಯಾರೆಲ್ ತಿರುಗಿ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ತಂತಿಯ ಪೊಟ್ಟಣಗಳನ್ನು ನೋಡತೊಡಗಿದೆ. ಅವನು ಹೋಗಿ ಬಾಗಿಲನ್ನು ಮುಚ್ಚಿ ಬಂದ.

"ಆ ಬೆಸುಗೇನ ಕರಗಿಸಿ ತೆಗ್ದುಬಿಡು, ಲೊರೇನ್. ಆಮೇಲೆ ಗಿಟಾರ್ ನೀನೇ ಇಟ್ಕೋ. ನಂಗೇನೂ ಬೇಡ."

ಬೆಸುಗೆ ಕಡ್ಡಿ ಅವಳ ಮೊಣಕೈ ಪಕ್ಕದಲ್ಲೇ ಕಾದಿತ್ತು. ಅವಳು ಅದರ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು.

"ತೆಗೆಯಲ್ಲ," ಎಂದಳು.