ನಲಿನಿ ತೆಗೆಯದೆ ಬಿಟ್ಟ ಚಿತ್ರ

ಈ ಶ್ರದ್ಧಾಂಜಲಿ ಸಭೆಯಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರಾದ ಬಸವಲಿಂಗಪ್ಪನವರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ನಲಿನಿಯವರ ತಾಯಿ ಯಮುನಾಬಾಯಿಯವರಿಗೆ, ಕುಷಾಯಿಗೂಡದಿಂದ ಬಸ್ಸು ಹಿಡಿದು ಬಂದಿರುವ ಅವರ ನೆರೆಹೊರೆಯವರಿಗೆ — ನಮಸ್ಕಾರ.

ನಾನು ದತ್ತಾತ್ರೇಯ. ಅಬಿಡ್ಸ್‌ನಲ್ಲಿ ನಮ್ಮದು ಸೀರೆ ಅಂಗಡಿ. ನಲಿನಿಯವರು ಫ್ಯಾಷನ್ ಚಿತ್ರ ತೆಗೆಯುತ್ತಿದ್ದ ತಂಡದಲ್ಲಿ ಸೀರೆ ಆರಿಸುವುದು, ಉಡಿಸುವುದು ನನ್ನ ಕೆಲಸ. ನಲಿನಿಯವರು — ಇಲ್ಲ, ಕ್ಷಮಿಸಿ, ನನ್ನ ಕೈಲಿ ಇದು ಆಗುವುದಿಲ್ಲ. ನಾನು ಬಹುವಚನದಲ್ಲಿ ಮಾತಾಡಿಸಿದರೆ ಆಕೆ ಕ್ಯಾಮೆರಾ ಕೆಳಗಿಟ್ಟು, "ಯಾಕ ದತ್ತಣ್ಣ, ನನ್ನ ಮ್ಯಾಲೆ ಸಿಟ್ಟು ಐತೇನು?" ಎಂದು ಕೇಳುತ್ತಿದ್ದಳು. ಹಾಗಾಗಿ ನಲಿನಿ ಎಂದೇ ಹೇಳುತ್ತೇನೆ. ನಮ್ಮ ನಲಿನಿ.

ನಾವು ನಾಲ್ಕೇ ಜನ. ಚಿತ್ರ ತೆಗೆಯುವವಳು ನಲಿನಿ. ಮುಖಕ್ಕೆ ಬಣ್ಣ ಹಚ್ಚುವವರು ಶಿವದೇವಿ — ಅಲ್ಲಿ ಕಂಬದ ಬಳಿ ನಿಂತಿದ್ದಾರೆ, ಎಷ್ಟು ಹೇಳಿದರೂ ಕುಳಿತುಕೊಳ್ಳುತ್ತಿಲ್ಲ. ಸೀರೆಗೆ ನಾನು. ಕ್ಯಾಮೆರಾದ ಮುಂದೆ ಶೋಭಾ — ಯಮುನಾಬಾಯಿಯವರ ಪಕ್ಕದಲ್ಲಿ ಕುಳಿತಿದ್ದಾಳೆ. ಬೇರೆಯವರು ಸ್ಟುಡಿಯೋದಲ್ಲಿ ಪರದೆ ಕಟ್ಟಿ ತೆಗೆಯುವ ಚಿತ್ರವನ್ನು ನಲಿನಿ ಬಿಸಿಲಿನಲ್ಲಿ, ಬಂಡೆಗಳ ಮೇಲೆ, ಪಾಳುಬಿದ್ದ ಬಾವಿಯ ಮೆಟ್ಟಿಲ ಮೇಲೆ ತೆಗೆಯುತ್ತಿದ್ದಳು. ನಾರಾಯಣಪೇಟೆ ಸೀರೆಯ ಅಂಚು ಗಾಳಿಗೆ ಮಡಚಿಕೊಂಡರೆ ನಾನು ಸರಿಮಾಡಲು ಓಡುತ್ತಿದ್ದೆ. "ಇರಲಿ ಬಿಡು ದತ್ತಣ್ಣ, ಗಾಳಿಗೂ ಒಂದಿಷ್ಟು ಕೆಲಸ ಇರಲಿ" ಎನ್ನುತ್ತಿದ್ದಳು.

ಆಮೇಲೆ ಅವಳ ಮೂತ್ರಪಿಂಡಗಳು ಕೆಟ್ಟವು. ನಿಮಗೆಲ್ಲ ಗೊತ್ತಿದೆ. ಯಮುನಾಬಾಯಿಯವರು ತಮ್ಮದೊಂದನ್ನು ಕೊಡುತ್ತೇನೆಂದು ಡಾಕ್ಟರ ಮುಂದೆ ಸೆರಗೊಡ್ಡಿದರು. ಸಕ್ಕರೆ ಕಾಯಿಲೆ ಇದ್ದವರಿಂದ ತೆಗೆಯಲು ಬರುವುದಿಲ್ಲ ಎಂದರು. ಬೇರೆಯವರದು ಸಿಗುವ ತನಕ ಡಯಾಲಿಸಿಸ್. ಅದಕ್ಕಾಗಿ ಅವಳ ಎಡಗೈಯಲ್ಲಿ ರಕ್ತನಾಳ ಜೋಡಿಸಿದರು. ಮುಟ್ಟಿದರೆ ಒಳಗೆ ರಕ್ತ ಗುಂಯ್ ಎಂದು ಓಡುವುದು ಬೆರಳಿಗೆ ತಿಳಿಯುತ್ತಿತ್ತು. ಆ ಕೈಯಲ್ಲಿ ಇನ್ನು ಭಾರ ಹಿಡಿಯಬಾರದು ಎಂದರು ಡಾಕ್ಟರು.

ಕ್ಯಾಮೆರಾ ಹಿಡಿದವರಿಗೆ ಇದರ ಅರ್ಥ ಗೊತ್ತು. ಬಲಗೈ ಗುಂಡಿ ಒತ್ತುತ್ತದೆ. ಭಾರ ಹೊರುವುದು ಎಡಗೈ — ಹೀಗೆ, ಲೆನ್ಸಿನ ಕೆಳಗೆ. ಸ್ಟ್ಯಾಂಡ್ ತಂದೆವು. ಇಳಿಜಾರು ಬಂಡೆಯ ಮೇಲೆ ಅದು ನಿಲ್ಲಲಿಲ್ಲ. ಕೊನೆಗೆ ಶಿವದೇವಿ ಅವಳ ಪಕ್ಕದಲ್ಲಿ ಮಂಡಿಯೂರಿ, ತಮ್ಮ ಅಂಗೈಯನ್ನು ಲೆನ್ಸಿನ ಕೆಳಗಿಟ್ಟರು. "ಮ್ಯಾಲೆ ಶಿವಕ್ಕ... ಸ್ವಲ್ಪ ಎಡಕ... ಉಸಿರು ಬಿಗಿಹಿಡೀರಿ." ಇಬ್ಬರೂ ಒಟ್ಟಿಗೆ ಉಸಿರು ಹಿಡಿಯುತ್ತಿದ್ದರು. ಆಮೇಲಿನ ಅವಳ ಒಂದೊಂದು ಚಿತ್ರವೂ ಹಾಗೆಯೇ ಆದದ್ದು.

ಅವಳು ನೀರು ಹೆಚ್ಚು ಕುಡಿಯುವಂತಿರಲಿಲ್ಲ. ಅಂಥ ಬಿಸಿಲು, ಕಾದ ಕಲ್ಲು — ಬಾಯಲ್ಲಿ ಒಂದು ಚೂರು ಮಂಜುಗಡ್ಡೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ನಾವು ಕಾರಿನ ಹಿಂದೆ ಅಡಗಿ ನೀರು ಕುಡಿಯುತ್ತಿದ್ದೆವು. ಒಮ್ಮೆ ಕಂಡುಹಿಡಿದಳು. "ಯಾಕ ಕಳ್ಳರಗತೆ ಕುಡೀತೀರಿ? ನನ್ನ ಮುಂದನ ಕುಡೀರಿ. ನೀರು ಗಂಟಲಾಗ ಇಳಿಯೋದನ್ನಾದರೂ ನೋಡತೀನಿ" ಎಂದಳು. ನಾವು ಕುಡಿದೆವು. ಅವಳು ನೋಡಿದಳು. ಇಷ್ಟು ವರ್ಷಗಳಲ್ಲಿ ಅಷ್ಟು ಕಹಿಯಾದ ನೀರು ನಾನು ಕುಡಿದಿಲ್ಲ.

ಇನ್ನು ಶೋಭಾಳ ಮಾತು. ಇದನ್ನು ಇಲ್ಲಿ ಹೇಳಬಹುದೇ ಎಂದು ನಿನ್ನೆ ಅವಳನ್ನೇ ಕೇಳಿದೆ. ಹೇಳಿ ಎಂದಿದ್ದಾಳೆ. ಅವಳ ಕತ್ತಿನ ಮೇಲೆ, ಕೈಗಳ ಮೇಲೆ ತೊನ್ನಿನ ಬಿಳಿ ಮಚ್ಚೆಗಳು ಎದ್ದವು. ಜಾಹೀರಾತಿನವರು ಕರೆಯುವುದು ಬಿಟ್ಟರು. ಗೊತ್ತಾಗಿದ್ದ ಸಂಬಂಧ ಮುರಿಯಿತು. ನಮ್ಮಲ್ಲಿ ಶಿವದೇವಿ ಬಣ್ಣ ಹಚ್ಚಿ ಮುಚ್ಚುತ್ತಿದ್ದರು; ಬೆವರಿಗೆ ಅದು ಕರಗುತ್ತಿತ್ತು, ಮತ್ತೆ ಹಚ್ಚುತ್ತಿದ್ದರು. ಒಂದು ದಿನ ಕೀಸರದ ದಾರಿಯ ಬಂಡೆಗುಡ್ಡದ ಮೇಲೆ ನಲಿನಿ, "ಇವತ್ತು ಮುಚ್ಚೋದು ಬ್ಯಾಡ" ಎಂದಳು.

ಶೋಭಾ ಸಿಟ್ಟಿಗೆದ್ದಳು. "ನಿಮಗ ಚಿತ್ರ ಚಲೋ ಬಂದ್ರ ಆತು. ನಾಳೆ ಮಂದಿ ಬೆರಳ ಮಾಡಿ ತೋರಸೋದು ಯಾರನ್ನ? ನಿಮ್ಮನ್ನೇನು?"

ನಲಿನಿ ವಾದ ಮಾಡಲಿಲ್ಲ. "ಖರೇ ಐತಿ. ಮೈ ನಿಂದು, ಮಾತೂ ನಿಂದ. ಶಿವಕ್ಕ, ಹಚ್ಚರಿ" ಎಂದು ಬಂಡೆಯ ನೆರಳಿಗೆ ಹೋಗಿ ಕುಳಿತಳು.

ಶಿವದೇವಿ ಬಣ್ಣದ ಡಬ್ಬಿ ತೆರೆದರು. ಶೋಭಾ ಕತ್ತು ಚಾಚಿದಳು. ಬೆರಳು ಇನ್ನೇನು ತಾಗಬೇಕು — ಅವಳು ಶಿವದೇವಿಯ ಮಣಿಕಟ್ಟು ಹಿಡಿದುಬಿಟ್ಟಳು. ಹಿಡಿದುಕೊಂಡೇ ಬಹಳ ಹೊತ್ತು ಅತ್ತಳು. ಆಮೇಲೆ, "ಬ್ಯಾಡ ಬಿಡ್ರಿ. ಸಾಕಾಗೈತಿ ನನಗೂ" ಎಂದಳು. ಇಳಕಲ್ ಸೀರೆಯ ಸೆರಗನ್ನು ತಾನೇ ಕತ್ತಿನಿಂದ ಜಾರಿಸಿದಳು. ಆ ದಿನದ ಚಿತ್ರಗಳನ್ನು ಈ ಸಭಾಂಗಣದ ಹಿಂದಿನ ಗೋಡೆಗೆ ಹಾಕಿದ್ದೇವೆ. ಹೋಗುವಾಗ ನೋಡಿ. ಬೇರೆಲ್ಲೂ ನಿಮಗೆ ಅವು ನೋಡಲು ಸಿಗುವುದಿಲ್ಲ.

ಯಾಕೆಂದರೆ ಕೆಲಸ ಒಪ್ಪಿಸಿದ್ದ ಪತ್ರಿಕೆಯವರು, ಮಚ್ಚೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಕೊಡಿ ಎಂದರು. ಫೋನು ಬಂದಾಗ ನಲಿನಿ ಡಯಾಲಿಸಿಸ್ ಹಾಸಿಗೆಯ ಮೇಲಿದ್ದಳು. ಫೋನನ್ನು ಅವಳ ಕಿವಿಗೆ ಹಿಡಿದಿದ್ದವನು ನಾನು. ಅವಳು ಹಿಂದಿಯಲ್ಲಿ ಶಾಂತವಾಗಿಯೇ ಹೇಳಿದಳು — ಆ ಹುಡುಗಿಯನ್ನು ಕೇಳಿ ತೆಗೆದ ಚಿತ್ರ ಇದು, ಈಗ ಅವಳನ್ನು ಕೇಳದೆ ಅಳಿಸುವುದಿಲ್ಲ, ಬೇಡವಾದರೆ ಬಿಡಿ. ಅವರು ಬಿಟ್ಟರು. ಆಮೇಲೆ ಯಾರೂ ಅವಳಿಗೆ ಕೆಲಸ ಕೊಡಲಿಲ್ಲ. ಕಾಯಿಲೆಯವಳು, ಮೇಲಾಗಿ ಹಠಮಾರಿ ಎಂಬ ಮಾತು ಎಲ್ಲ ಕಡೆ ಹರಡಿತ್ತು.

ಆದರೂ ಅವಳು ಒಂದೇ ಒಂದು ಚಿತ್ರದ ಮಾತು ಆಡುತ್ತಿದ್ದಳು. ಅದೇ ಗುಡ್ಡದ ತುದಿಯ ಬಂಡೆಯ ಮೇಲೆ ಶೋಭಾ, ಬೆಳಗಿನ ಓರೆ ಬಿಸಿಲು. ಯಾರಿಗಾಗಿಯೂ ಅಲ್ಲ, ನಮಗಾಗಿ. ಸ್ವಲ್ಪ ಚೇತರಿಸಿಕೊಂಡ ದಿನ ಕಾರಿನಲ್ಲಿ ಮಲಗಿಸಿಕೊಂಡೇ ಹೊರಟೆವು. ದಾರಿಯುದ್ದಕ್ಕೂ ಶೋಭಾಳ ಮಡಿಲಲ್ಲಿ ತಲೆಯಿಟ್ಟು, ಸೀರೆ ಯಾವುದು, ಕೂದಲು ಹೇಗೆ ಎಂದು ಮಾತಾಡುತ್ತಲೇ ಇದ್ದಳು.

ಹೋಗಿ ನೋಡಿದರೆ — ಗುಡ್ಡ ಇರಲಿಲ್ಲ.

ದಾರಿ ತಪ್ಪಿದೆವೇನೋ ಎಂದುಕೊಂಡೆ. ಇಲ್ಲ. ಹೊರವಲಯದಲ್ಲಿ ದೊಡ್ಡ ರಸ್ತೆ ಬರುತ್ತದೆ ಎಂಬ ಸುದ್ದಿಗೆ ಸುತ್ತಲೆಲ್ಲ ಲೇಔಟುಗಳು ಎದ್ದಿದ್ದವು. ಗುಡ್ಡಕ್ಕೆ ಮದ್ದಿಟ್ಟು ಒಡೆದಿದ್ದರು. ಒಂದು ಹೊಂಡ, ಜಲ್ಲಿ ಯಂತ್ರ, ಎಲ್ಲೆಲ್ಲೂ ಬಿಳಿ ದೂಳು. ನಲಿನಿ ಕಾರಿನಿಂದ ಇಳಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಶೋಭಾಳನ್ನು ಹೊಂಡದ ಅಂಚಿನಲ್ಲಿ ನಿಲ್ಲಿಸಿದಳು. ಕ್ಯಾಮೆರಾ ಎತ್ತಿದಳು. ಶಿವದೇವಿ ಅಂಗೈ ಒಡ್ಡಿದರು. ಇಬ್ಬರೂ ಉಸಿರು ಬಿಗಿಹಿಡಿದರು. ನಾವು ಕಾದೆವು — ಕಾದೇ ಕಾದೆವು. ಗುಂಡಿ ಒತ್ತಿದ ಸದ್ದು ಬರಲಿಲ್ಲ.

ಕ್ಯಾಮೆರಾ ಇಳಿಸಿ ಹೇಳಿದಳು: "ಬ್ಯಾಡ ದತ್ತಣ್ಣ. ನಾ ತಗದ್ರ ಇದೂ ಚಂದ ಕಾಣತೈತಿ. ಇದು ಚಂದ ಕಾಣಬಾರದು."

ಕಾರಿನಲ್ಲಿ ಅವಳು ಅತ್ತದ್ದನ್ನು ನಾನು ಮೊದಲ ಸಲ ಕಂಡೆ. ಮರುದಿನ ಡಯಾಲಿಸಿಸ್‌ಗೆ ಬರುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಯಮುನಾಬಾಯಿಯವರು ಅವಳ ಕಾಲ ಬಳಿ ಕುಳಿತು, "ನಿನ್ನ ಸಲುವಾಗಿ ಬ್ಯಾಡವಾ, ನನ್ನ ಸಲುವಾಗಿ ಬಾ" ಎಂದರು. ಅವಳು ಎದ್ದಳು. ತಾಯಿಯ ಕೈಯಿಂದ ತಲೆ ಬಾಚಿಸಿಕೊಂಡಳು. ಸಿಕಂದರಾಬಾದಿನ ಆಸ್ಪತ್ರೆಗೆ ಹೋದಳು. ಯಂತ್ರ ನಡೆಯುತ್ತಿರುವಾಗಲೇ ಅವಳ ಹೃದಯ ನಿಂತಿತು.

ಅಂದಿನಿಂದ ಈ ತಾಯಿ ಒಂದೇ ಮಾತು ಹೇಳುತ್ತಿದ್ದಾರೆ: "ನಾನ ಎಬ್ಬಿಸಿಕೊಂಡು ಹೋಗಿ ಕೊಂದೆ." ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ.

ಯಮುನಾ ಕಾಕು — ಎಲ್ಲರೆದುರು ಹೇಳುತ್ತೇನೆ, ಕೇಳಿಸಿಕೊಳ್ಳಿ. ಹೋಗದಿದ್ದರೆ ಉಳಿಯುತ್ತಿದ್ದಳೇ? ಇಲ್ಲ. ಡಾಕ್ಟರನ್ನು ನಾನೇ ಕೇಳಿದೆ. ಇಲ್ಲ ಎಂದರು. ನಿಮ್ಮ ಜಾಗದಲ್ಲಿ ನಾನಿದ್ದರೆ ಅವಳ ಕಾಲು ಹಿಡಿದೇ ಕರೆದೊಯ್ಯುತ್ತಿದ್ದೆ. ಶಿವದೇವಿ ಕರೆದೊಯ್ಯುತ್ತಿದ್ದರು. ಇಲ್ಲಿರುವ ಒಬ್ಬೊಬ್ಬರೂ ಕರೆದೊಯ್ಯುತ್ತಿದ್ದರು. ನೀವು ಅವಳನ್ನು ಕೊಲ್ಲಲಿಲ್ಲ, ಕಾಕು. ಬದುಕಿಸಲು ಕರೆದಿರಿ. ಅವಳು ಬಂದಳು.

ಇಷ್ಟು ಹೇಳಿದರೂ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ — ನಿಮಗೆ ಇದು ತಾಗಲಿಲ್ಲ. ಎಲ್ಲ ಒಳ್ಳೆಯದಕ್ಕೇ ಆಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಳ್ಳೆಯದೇನೂ ಆಗಲಿಲ್ಲ. ಶೋಭಾಳಿಗೆ ಕೆಲಸವಿಲ್ಲ. ಶಿವದೇವಿ ಬಣ್ಣದ ಪೆಟ್ಟಿಗೆ ತೆರೆದಿಲ್ಲ. ಅಂಗಡಿಯಲ್ಲಿ ಯಾರಾದರೂ ಸೀರೆ ಬಿಡಿಸಿ ಬೆಳಕಿಗೆ ಹಿಡಿದರೆ ನಾನು ಒಳಗೆ ಹೋಗಿಬಿಡುತ್ತೇನೆ.

ಬಂಧುಗಳೇ, ಈಗ ನಾವೆಲ್ಲ ಎದ್ದು ನಿಂತು ಮೌನವಾಗಿ ನಲಿನಿಯನ್ನು ನೆನೆಯೋಣ. ಕಾಕು, ನೀವು ಏಳಬೇಡಿ, ನಿಮಗೆ ಶಕ್ತಿಯಿಲ್ಲ. ಶೋಭಾ, ನೀನೂ ಏಳಬೇಡ, ಅವರ ಕೈ ಹಿಡಿದು ಪಕ್ಕದಲ್ಲೇ ಕುಳಿತಿರು. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡುವುದಿಲ್ಲ. ಈ ತಾಯಿ ಸಾಕು ಎನ್ನುವ ತನಕ ನಿಲ್ಲೋಣ.

ಉಳಿದವರೆಲ್ಲ — ದಯವಿಟ್ಟು ಏಳಿ.