ಮಡಿಲಲ್ಲಿ ಕಾಲರ್

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಊಟದ ಡಬ್ಬಿ ತೊಳೆಯುವವರ ಸಾಲು. ಬೆಳಗಿನಿಂದ ಒಂದೂ ಅಂಗಿ ಬರದೆ ಕೈಕಟ್ಟಿ ಕೂತಿದ್ದು, ಈಗ ಸಾಲಿಗೆ ಬಂದ ಇಸ್ತ್ರಿಯಕ್ಕನ ಮುಂದೆ, ಕಾಲರ್ ಹೊಲಿಯುವವಳೂ ತೋಳು ಕೂಡಿಸುವ ಅವಳ ನಾದಿನಿಯೂ ನಿಂತಿದ್ದರು.

“ಸೂಪರ್‌ವೈಸರ್ ಏನಂದ ಅಂತ ಇಷ್ಟು ಕೋಪ, ಅತ್ತಿಗೆ?”

“ಹೊಸ ಮೆಕ್ಯಾನಿಕ್‌ಗೆ ನನ್ನ ತೋರಿಸಿ, ‘ಪೀಸ್ ಹೆಂಗಿದೆ?’ ಅಂದ.”

“ಇಲ್ಲಿ ಎಲ್ಲಾ ಪೀಸೇ ಅಲ್ವಾ? ಕತ್ತರಿಸಿದ ಬಟ್ಟೆನೂ ಪೀಸು, ಹೊಲಿದ ಅಂಗಿನೂ ಪೀಸು. ಮನಸ್ಸಿಗೆ ಹಚ್ಕೋಬೇಡ.”

“ಬಟ್ಟೆಗೆ ಬಾಯಿಲ್ಲ, ನನಗಿದೆ. ಹೊಲಿದ ಕಾಲರೆಲ್ಲಾ ಮಡಿಲಲ್ಲಿ ಕಟ್ಕೊಂಡು ಕೂತೆ. ಕಾಲರ್ ಇಲ್ದೆ ಅಂಗಿ ಮುಂದಕ್ಕೆ ಹೋಗ್ಲಿ, ನೋಡೋಣ.”

“ಅದಕ್ಕೇ ನನ್ನ ಮಿಷಿನ್ ಖಾಲಿ! ಬಂದು ಕೇಳ್ಲಿಲ್ವಾ?”

“ಬಂದ. ‘ಕೊಡು ತಾಯಿ’ ಅಂತ ಹಲ್ಲುಗಿಂಜಿದ.”

“ಕೊಟ್ಯಾ?”

“‘ನಾನು ನಿನ್ನ ತಾಯಿನೂ ಅಲ್ಲ, ಪೀಸೂ ಅಲ್ಲ, ಟೈಲರ್. ಅದೇ ಮೆಕ್ಯಾನಿಕ್ ಮುಂದೆ ಟೈಲರ್ ಅಂತ ಕರಿ, ಕೊಡ್ತೀನಿ’ ಅಂದೆ.”

“ಕರೆದ್ನಾ?”

“ಮಾತು ಅವನ ಗಂಟಲು ದಾಟಿಲ್ಲ, ಕಾಲರ್ ನನ್ನ ಮಡಿಲು ದಾಟಿಲ್ಲ.”

ಗಂಟೆ ಹೊಡೆಯಿತು. ಇಬ್ಬರೂ ಡಬ್ಬಿಯ ನೀರು ಒದರಿಕೊಂಡು ಒಳಗೆ ಹೋದರು. ಎಲ್ಲಾ ಕೇಳಿಸಿಕೊಂಡು ಅವರ ಹಿಂದೆಯೇ ಹೋದ ಇಸ್ತ್ರಿಯಕ್ಕ, ಬಿಸಿಯಾಗಿ ಕಾದಿದ್ದ ತನ್ನ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಎಲ್ಲರಿಗೂ ಕಾಣುವಂತೆ ಕಿತ್ತು ಕೂತಳು.