ಇದನ್ನು ಕೇಳಿದವರು ಮುಂದೆ ಏನು ಕೇಳಬೇಕು

ಗ್ರಂಥಾಲಯ ಮಂಡಳಿಯ ಅಧ್ಯಕ್ಷರೂ ಈ ಸಭೆಯ ಅಧ್ಯಕ್ಷರೂ ಆದ ಪಾವೊಲಾ ಅವರೇ, ಪುರಸಭೆಯಿಂದ ಬಂದು ಮೊದಲ ಸಾಲಿನಲ್ಲಿ ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಅತಿಥಿಗಳೇ, ಮೂವತ್ತೊಂದು ವರ್ಷದ ಸೇವೆ ಮುಗಿಸಿ ಇಂದು ನಿವೃತ್ತರಾಗುತ್ತಿರುವ ಗ್ರಂಥಪಾಲಕಿ ಸಿನಿಕ್ಕಾ ಟಿಸ್ಸಾರಿ ಅವರೇ, ಗುರುವಾರದ ಕೂಟದ ಕರಿ ಅಂಗಿಯ ಗೆಳೆಯರೇ, ಕೇಕ್ ಇದೆಯೆಂದು ಕೇಳಿ ಒಳಗೆ ಬಂದ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾವು ಕೇಳುವ ಸಂಗೀತದಲ್ಲಿ ಐದನೆಯ ನಿಮಿಷಕ್ಕೆ ಇನ್ನೂ ಹಾಡುಗಾರ ಬಾಯಿ ತೆರೆದಿರುವುದಿಲ್ಲ. ಆದರೂ ಪ್ರಯತ್ನಿಸುತ್ತೇನೆ. ನಾನು ಇಲ್ಪೊ ಹುಟ್ಟುನೆನ್. ಚಳಿಗಾಲದಲ್ಲಿ ಈ ಈಸಲ್ಮಿ ಊರಿನ ರಸ್ತೆಗಳ ಹಿಮ ತಳ್ಳುವ ಗಾಡಿ ಓಡಿಸುತ್ತೇನೆ. ನಿಮ್ಮ ಗೇಟಿನ ಮುಂದೆ ಹಿಮದ ದಿಣ್ಣೆ ಬಿಟ್ಟು ಹೋಗುವವನು ನಾನೇ. ಬೈಯುವುದಿದ್ದರೆ ಸಭೆ ಮುಗಿದ ಮೇಲೆ ಬೈಯಿರಿ.

ಸಿನಿಕ್ಕಾ ಅವರು ಇಲ್ಲಿಗೆ ಬಂದಾಗ ಅವರಿಗೆ ಹೆವಿ ಮೆಟಲ್ ಎಂದರೆ ಏನು ಗೊತ್ತಿತ್ತು? ಏನೂ ಗೊತ್ತಿರಲಿಲ್ಲ. ಅವರು ಚರ್ಚಿನ ಮೇಳದಲ್ಲಿ ಹಾಡುವವರು. ಸಂಗೀತ ವಿಭಾಗದಲ್ಲಿ ತಲೆಬುರುಡೆ, ಕಾಡು, ಸುಟ್ಟ ಚರ್ಚುಗಳ ಚಿತ್ರವಿದ್ದ ಆರುನೂರು ರೆಕಾರ್ಡುಗಳನ್ನು ಕಂಡು ಬೇರೆ ಯಾರಾದರೂ ಆಗಿದ್ದರೆ ವರ್ಗಾವಣೆ ಕೇಳುತ್ತಿದ್ದರು. ಇವರು ಏನು ಮಾಡಿದರು? ಒಂದೊಂದು ರೆಕಾರ್ಡಿನೊಳಗೂ ಒಂದೊಂದು ಚೀಟಿ ಇಟ್ಟರು. ಚೀಟಿಯಲ್ಲಿ ಎರಡೇ ಪ್ರಶ್ನೆ. ಇದು ಯಾವ ಪಂಗಡ? ಇದನ್ನು ಕೇಳಿದವರು ಮುಂದೆ ಏನು ಕೇಳಬೇಕು? ಕೇಳಿ ಹಿಂತಿರುಗಿಸುವವರು ಪೆನ್ಸಿಲಿನಲ್ಲಿ ಬರೆಯಬೇಕು, ಇವರು ಅದನ್ನು ನೋಡಿ ಕಪಾಟಿನಲ್ಲಿ ಜೋಡಿಸುತ್ತಾರೆ. ಪಾಪ, ಅವರು ಜನರನ್ನು ನಂಬಿದರು.

ಇದರ ಪರಿಣಾಮ ಏನಾಯಿತೆಂದು ಕೂಟದವರಿಗೆ ಗೊತ್ತು. ಉಳಿದವರಿಗೆ ಹೇಳುತ್ತೇನೆ. ಓಡಿದರೆ ಥ್ರ್ಯಾಶ್, ಗುಟುರು ಹಾಕಿದರೆ ಡೆತ್, ಚಳಿಯಲ್ಲಿ ಕಿರುಚಿದರೆ ಬ್ಲ್ಯಾಕ್, ಕತ್ತಿ ಹಿಡಿದು ಸಂತೋಷವಾಗಿದ್ದರೆ ಪವರ್, ಯಾವ ಅವಸರವೂ ಇಲ್ಲದೆ ದುಃಖಪಟ್ಟರೆ ಡೂಮ್. ಇಷ್ಟಕ್ಕೇ ನಿಂತಿದ್ದರೆ ಐದು ಕಪಾಟು ಸಾಕಾಗುತ್ತಿತ್ತು. ನಿಲ್ಲಲಿಲ್ಲ. 'ಹಿಮದಡಿಯ ಗಂಟೆ' ಎಂಬ ಒಂದು ಆಲ್ಬಮ್ ಎರಡು ವರ್ಷದಲ್ಲಿ ಏಳು ಸಲ ಕಪಾಟು ಬದಲಿಸಿತು. ನಮ್ಮ ಕೂಟದ ದಂತವೈದ್ಯೆ ಟೆರ್ಹಿ ಅವರು ಅದರ ಬಗ್ಗೆ ಒಂದು ಗುರುವಾರ ಹೇಳಿದ್ದು ಈಗಲೂ ನೆನಪಿದೆ. "ಇದು ಡೂಮ್ ಅಲ್ಲ ರೀ. ಬ್ಲ್ಯಾಕ್‌ಗೆ ನೆಗಡಿ ಆಗಿದೆ, ಅದಕ್ಕೇ ನಿಧಾನ ಉಸಿರಾಡ್ತಿದೆ, ಅಷ್ಟೆ." ಬೆಸುಗೆ ಕೆಲಸದ ರೇಯೊ ಬಿಟ್ಟಾನೆಯೇ? "ಡಾಕ್ಟ್ರೇ, ನೀವು ಹಲ್ಲು ನೋಡ್ಕೊಳ್ಳಿ. ಕಿವಿ ನಿಮ್ಮ ಡಿಪಾರ್ಟ್‌ಮೆಂಟ್ ಅಲ್ಲ." ಆಮೇಲೆ ಅವನಿಗೆ ಹಲ್ಲುನೋವು ಬಂದಾಗ ಪಕ್ಕದ ಊರಿಗೆ ಹೋದ.

ಗುರುವಾರ ಮಧ್ಯಾಹ್ನ ಎರಡಕ್ಕೆ ನಾವು ಕೂಡುತ್ತಿದ್ದ ಕೋಣೆಯ ಕಿಟಕಿ ಪೊರೊವೆಸಿ ಸರೋವರದ ಕಡೆಗಿದೆ. ಫೆಬ್ರವರಿಯಲ್ಲಿ ಆ ಹೊತ್ತಿಗೆ ಮಂಜುಗಡ್ಡೆಯ ಮೇಲೆ ಬಿಸಿಲು ಹಾಲಿನಂತೆ ಹರಡಿರುತ್ತದೆ. ದೂರದಲ್ಲಿ ಯಾರೋ ರಂಧ್ರ ಕೊರೆದು ಮೀನಿಗೆ ಕೂತಿರುತ್ತಾರೆ, ಅಲುಗುವುದಿಲ್ಲ. ರೆಕಾರ್ಡು ತಿರುಗುತ್ತಿರುತ್ತದೆ. ಒಂದು ಗಿಟಾರಿನ ಸ್ವರ ಶುರುವಾಗಿ, ಅದು ಮುಗಿಯುತ್ತದೋ ಇಲ್ಲವೋ ಎಂಬ ಹಾಗೆ ನೀಳವಾಗಿ ಹರಿಯುತ್ತಿರುತ್ತದೆ, ನಾವು ಆರೇಳು ಜನ ನಡುವಯಸ್ಸಿನವರು ಕಣ್ಣು ಮುಚ್ಚಿ ಅದರೊಳಗೆ ಕೂತಿರುತ್ತೇವೆ. ಆಗ ನನಗೆ ನಾನು ಎಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಹಿಮದ ಗಾಡಿಯಲ್ಲಿದ್ದೇನೋ, ಬಾಲ್ಯದ ಸೌದೆ ಕೊಟ್ಟಿಗೆಯಲ್ಲಿದ್ದೇನೋ, ಇನ್ನೂ ಹುಟ್ಟೇ ಇಲ್ಲವೋ. ಈ ಸಂಗೀತ ಬರೀ ಗದ್ದಲ ಎನ್ನುವವರಿಗೆ ನಾನು ಹೇಳುವುದಿಷ್ಟೆ. ನನ್ನ ಜೀವನದ ಅತ್ಯಂತ ನಿಶ್ಶಬ್ದವಾದ ಗಂಟೆಗಳು ಆ ಕೋಣೆಯಲ್ಲಿ ಕಳೆದವು.

ಎಲ್ಲಿಗೋ ಹೋದೆ. ಚೀಟಿಗೆ ಬರುತ್ತೇನೆ.

ಹದಿನಾರು ವರ್ಷಗಳ ಹಿಂದೆ ಒಂದು ಗುರುವಾರ ಸಿನಿಕ್ಕಾ ಅವರು ನನ್ನ ಕೈಗೆ ಒಂದು ರೆಕಾರ್ಡು ಕೊಟ್ಟು, "ಇದು ಮೊನ್ನೆ ಮಂಗಳವಾರ ವಾಪಸ್ ಬಂತು ಇಲ್ಪೊ, ಒಂದ್ಸಲ ಕೇಳಿ ನೋಡಿ" ಅಂದರು. ಮನೆಗೆ ಹೋಗಿ ತೆರೆದೆ. ನಾನು ಹಿಂದೆ ಚೀಟಿಯಲ್ಲಿ 'ಬ್ಲ್ಯಾಕ್' ಎಂದು ಬರೆದಿದ್ದೆ. ಅದರ ಕೆಳಗೆ ಒತ್ತಿ ಬರೆದ ಅಕ್ಷರದಲ್ಲಿ ಹೀಗಿತ್ತು: "ಡೂಮ್. ಮೇಲೆ ಬರೆದವನಿಗೆ ಚಿಕ್ಕಂದಿನಿಂದ ಕಿವಿ ಇಲ್ಲ." ಚಿಕ್ಕಂದಿನಿಂದ. ಅದು ನನ್ನ ಅಣ್ಣ ಕೌಕೊನ ಅಕ್ಷರ. ಅಷ್ಟು ಹೊತ್ತಿಗೆ ನಾವು ಮಾತು ಬಿಟ್ಟು ಒಂದು ವರ್ಷವಾಗಿತ್ತು. ನಾನು ಅಡಿಗೆಮನೆಯಲ್ಲಿ ನಿಂತು ಆ ಸಾಲನ್ನು ಎಷ್ಟು ಸಲ ಓದಿದೆನೋ.

ಅಂದಿನಿಂದ ಅವನದು ಮಂಗಳವಾರ, ನನ್ನದು ಗುರುವಾರ. ಎದುರುಬದುರಾಗಲೇ ಇಲ್ಲ. ಒಂದೇ ಊರಿನಲ್ಲಿ, ಎಂಟು ಬೀದಿಗಳ ಅಂತರದಲ್ಲಿ ಇದ್ದುಕೊಂಡು ನಾವು ಹದಿನಾರು ವರ್ಷ ರೆಕಾರ್ಡಿನ ಹೊಟ್ಟೆಯೊಳಗೆ ಮಾತಾಡಿದೆವು. 'ಬೂದಿಯ ಕಿರೀಟ' ಕೇಳು ಎಂದು ಅವನು ಬರೆಯುತ್ತಿದ್ದ. ಕೇಳಿದೆ, ಡ್ರಮ್ ಚೆನ್ನಾಗಿದೆ, ಉಳಿದದ್ದು ಪವರ್‌ನವರ ಬಾಡಿಗೆ ಬಟ್ಟೆ ಎಂದು ನಾನು ಬರೆಯುತ್ತಿದ್ದೆ. ಒಮ್ಮೆ ಒಂದು ಚೀಟಿಯಲ್ಲಿ ಕಂಡೆ: "ಮೂರನೇ ಹಾಡು ಆಸ್ಪತ್ರೆ ಮಂಚದಲ್ಲಿ ಮಲಗಿ ಕೇಳೋಕೆ ಒಳ್ಳೇದು." ಯಾರನ್ನೋ ವಿಚಾರಿಸಿದೆ. ಅವನ ಹೃದಯದ ಆಪರೇಷನ್ ಆಗಿ ಮೂರು ವಾರವಾಗಿತ್ತು. ಒಡಹುಟ್ಟಿದವನು ಏನು ಮಾಡಬೇಕಿತ್ತು? ಎಂಟು ಬೀದಿ ದಾಟಿ ಹೋಗಿ ಬಾಗಿಲು ತಟ್ಟಬೇಕಿತ್ತು. ನಾನು ಪೆನ್ಸಿಲ್ ತೆಗೆದುಕೊಂಡೆ. "ಐದನೇ ಹಾಡಿನ ವೇಗ ಜಾಸ್ತಿ. ಎದೆ ರಿಪೇರಿ ಆದವರು ಆರು ವಾರ ಬಿಟ್ಟು ಕೇಳತಕ್ಕದ್ದು." ಮುಂದಿನ ತಿಂಗಳು ಅದರ ಕೆಳಗೆ ಉತ್ತರ ಬಂತು: "ಏಳು ವಾರ ಬಿಟ್ಟು ಕೇಳಿದೆ. ಇದು ಥ್ರ್ಯಾಶ್." ನಾನು ಅತ್ತೆ. ಥ್ರ್ಯಾಶ್ ಎಂಬ ಪದಕ್ಕೆ ಅತ್ತವನು ಈ ದೇಶದಲ್ಲಿ ನಾನೊಬ್ಬನೇ ಇರಬೇಕು.

ಈ ಅಂಚೆಯನ್ನು ನಡೆಸಿದವರು ಯಾರು? ಅವನು ಹಿಂತಿರುಗಿಸಿದ್ದನ್ನು ಬೇರೆಯವರ ಕೈಗೆ ಸಿಗದಂತೆ ಎರಡು ದಿನ ಮೇಜಿನ ಕೆಳಗೆ ಇಟ್ಟುಕೊಂಡವರು ಯಾರು? ಸಿನಿಕ್ಕಾ ಅವರೇ, ಅದು ಗ್ರಂಥಾಲಯದ ನಿಯಮಕ್ಕೆ ವಿರುದ್ಧ. ಅಧ್ಯಕ್ಷರು ಇಲ್ಲೇ ಇದ್ದಾರೆ, ಆದರೆ ನಿಮಗೆ ಇವತ್ತು ಕೊನೆಯ ದಿನ, ಈಗ ಏನೂ ಮಾಡಲಾಗದು.

ನಾವು ಯಾಕೆ ಮಾತು ಬಿಟ್ಟೆವು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಕೂಟದವರಿಗೆ ಗೊತ್ತಿರುವ ಕಥೆ ಬೇರೆ. ಅದನ್ನು ನಾನೇ ನಗಿಸುವ ಹಾಗೆ ಹೇಳುತ್ತ ಬಂದಿದ್ದೇನೆ. ಒಂದು ನವೆಂಬರಿನಲ್ಲಿ ಅಪ್ಪ ತೀರಿಕೊಂಡಾಗ, ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಸಭಾಂಗಣದಲ್ಲಿ ಕಾಫಿ, ಸಾಲ್ಮನ್ ಸೂಪು. ಡೂಮ್‌ನಲ್ಲೇ ಇನ್ನೂ ನಿಧಾನವಾದ ಒಂದು ಒಳಪಂಗಡವಿದೆ, ಅದರ ಹೆಸರೇ ಅಂತ್ಯಕ್ರಿಯೆಯ ಡೂಮ್. ಅಂತ್ಯಕ್ರಿಯೆಗೆ ಅದಲ್ಲದೆ ಇನ್ನೇನು ಎಂದು ನಾನು ಅದನ್ನೇ ಹಾಕಿದೆ. ಹಾಡು ಇಪ್ಪತ್ತಾರು ನಿಮಿಷ. ಪಾದ್ರಿಗಳು ಮುಗಿಯುವ ತನಕ ನಿಂತಿರಬೇಕೋ ಕೂರಬೇಕೋ ತಿಳಿಯದೆ ನಿಂತೇ ಇದ್ದರು. ಅತ್ತೆಯೊಬ್ಬರು ಹನ್ನೊಂದನೆಯ ನಿಮಿಷಕ್ಕೆ, "ಕರೆಂಟ್ ಕಮ್ಮಿ ಇದೆಯೇನಪ್ಪ?" ಎಂದು ಕೇಳಿದರು. ಎಲ್ಲರೂ ನಗುತ್ತಾರೆ. ನೀವೂ ನಕ್ಕಿರಿ. ಪಂಗಡದ ಹೆಸರು ನಂಬಿ ಹಾಡು ಆರಿಸಿದ ದಡ್ಡ ಎಂದು ನಾನೂ ನಗುತ್ತೇನೆ.

ಆದರೆ ಅಂದು ಬೆಳಿಗ್ಗೆ ಕೌಕೊ ನನ್ನ ತೋಳು ಹಿಡಿದು ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ. "ನನ್ ಕೈಲಿ ಆಗಲ್ಲ ಕಣೋ, ಗಂಟಲು ಕಟ್ಟತ್ತೆ. ನೀನು ಮಾತುಗಾರ. ಅಪ್ಪನ ಬಗ್ಗೆ ಎರಡು ಮಾತು ಆಡು, ಸಾಕು." ಆಡುತ್ತೇನೆ ಅಂದೆ. ಆಡಲಿಲ್ಲ. ಆ ಹೊತ್ತನ್ನು ತುಂಬಲೆಂದೇ ಅಷ್ಟು ಉದ್ದದ ಹಾಡು ಹುಡುಕಿದೆ. ಅದು ಮುಗಿದಾಗ ಜನ ಕೋಟು ಹಾಕಿಕೊಳ್ಳುತ್ತಿದ್ದರು. ಐವತ್ತು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದ ಮನುಷ್ಯನ ಬಗ್ಗೆ ಒಬ್ಬನೂ ಒಂದು ಮಾತು ಆಡದೆ ಅವನ ದಿನ ಮುಗಿಯಿತು. ಕೌಕೊ ನನ್ನನ್ನು ಬಾಗಿಲ ಬಳಿ ನೋಡಿದ. "ಎರಡೇ ಮಾತು ಕೇಳಿದ್ದೆ" ಅಂದ. ಅದೇ ಕೊನೆ.

ಹದಿನಾರು ವರ್ಷದ ಚೀಟಿಗಳಲ್ಲಿ ನಾವು ಎಲ್ಲ ಪಂಗಡದ ಬಗ್ಗೆಯೂ ಜಗಳವಾಡಿದ್ದೇವೆ, ಆ ಒಂದನ್ನು ಬಿಟ್ಟು. ಅಂದು ನಾನು ಹಾಕಿದ ಆ ಆಲ್ಬಮ್ ಇಲ್ಲಿಯೇ ಇತ್ತು. ಪ್ರತಿ ನವೆಂಬರಿನಲ್ಲಿ ನಾನು ಅದನ್ನು ತೆಗೆದು ಚೀಟಿ ನೋಡುತ್ತಿದ್ದೆ. ಖಾಲಿ. ಮುಂದಿನ ತಿಂಗಳು ಈ ರೆಕಾರ್ಡುಗಳೆಲ್ಲ ಕುವೊಪಿಯೊ ನಗರದ ದಾಸ್ತಾನಿಗೆ ಹೋಗುತ್ತವೆ, ಈಗ ಯಾರು ಬಂದು ಒಯ್ಯುತ್ತಾರೆ ಎನ್ನುತ್ತಾರೆ, ಸರಿಯೇ ಇರಬಹುದು. ಕಳೆದ ಗುರುವಾರ ಸಿನಿಕ್ಕಾ ಅವರು, "ನಾನು ಹೋದ್ಮೇಲೆ ನಿಮ್ಮಿಬ್ಬರ ಅಂಚೆ ಯಾರು ನೋಡ್ಕೋತಾರೆ ಇಲ್ಪೊ?" ಎನ್ನುತ್ತ ಆ ಆಲ್ಬಮನ್ನೇ ನನ್ನ ಕೈಗಿಟ್ಟರು. ನಾನು ಅಲ್ಲೇ ಮೇಜಿನ ಬಳಿ ತೆರೆದೆ.

ಇದು ಯಾವ ಪಂಗಡ? "ಗೊತ್ತಿಲ್ಲ. ಅವತ್ತು ನನಗೇನೂ ಕೇಳಿಸಲಿಲ್ಲ."

ಇದನ್ನು ಕೇಳಿದವರು ಮುಂದೆ ಏನು ಕೇಳಬೇಕು? "ಇಲ್ಪೊ ಆಡದೆ ಬಿಟ್ಟ ಎರಡು ಮಾತು."

ಸಿನಿಕ್ಕಾ ಅವರೇ, ಇದು ನಿಮ್ಮ ಸಭೆ. ಕ್ಷಮಿಸಿ. ಆದರೆ ನನ್ನ ಅಣ್ಣ ಮಂಗಳವಾರದವನು, ಇಂದು ಗುರುವಾರ, ಆದರೂ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾನೆ. ನನಗೆ ಇನ್ನೊಂದು ಸಭೆ ಸಿಗುವುದಿಲ್ಲ.

ಕೌಕೊ, ಆಡುತ್ತೇನೆ. ನಾವಿಬ್ಬರೂ ಸೌದೆ ಕೊಟ್ಟಿಗೆಯಲ್ಲಿ ಬಾರಿಸುತ್ತಿದ್ದಾಗ ಅಪ್ಪ ಲಾರಿ ನಿಲ್ಲಿಸಿ ಮನೆಗೆ ಬರುತ್ತಿದ್ದರು. ಅವರು ಒಂದು ದಿನವೂ ಒಳಗೆ ಬಂದು ಕೇಳಲಿಲ್ಲ ಎಂದು ನೀನು ಹೇಳುತ್ತಿದ್ದೆ. ಅದಕ್ಕೇ ಇಪ್ಪತ್ತೆರಡನೆಯ ವಯಸ್ಸಿಗೆ ನೀನು ಡ್ರಮ್ ಮಾರಿಬಿಟ್ಟೆ. ನೀನು ಡ್ರಮ್ಮಿನ ಹಿಂದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ, ನಿನಗೆ ಕಿಟಕಿ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಅಪ್ಪ ಹೊರಗೆ ನಿಂತಿರುತ್ತಿದ್ದರು. ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿಯಲ್ಲೂ ನಿಂತಿರುತ್ತಿದ್ದರು. ಬಾಗಿಲು ತೆಗೆದರೆ ನಾವು ನಿಲ್ಲಿಸಿಬಿಡುತ್ತೇವೆಂದು ಒಳಗೆ ಬರುತ್ತಿರಲಿಲ್ಲ. ಹಾಡು ಮುಗಿಯುವವರೆಗೂ ತಲೆ ಆಡಿಸುತ್ತಿದ್ದರು, ನನ್ನ ಗಿಟಾರಿಗಲ್ಲ, ನಿನ್ನ ಡ್ರಮ್ಮಿಗೆ. ಅದು ನನಗೆ ಹೊಟ್ಟೆಕಿಚ್ಚು. ನಿನಗೆ ಹೇಳಲಿಲ್ಲ. ನೀನು ಡ್ರಮ್ ಮಾರುವಾಗಲೂ ಹೇಳಲಿಲ್ಲ. ಅಪ್ಪನ ಬಗ್ಗೆ ನನ್ನ ಬಳಿ ಇದ್ದ ಮಾತು ಅದೊಂದೇ. ಅಂದು ಬಾಯಿ ತೆರೆದಿದ್ದರೆ ಅದನ್ನೇ ಹೇಳಬೇಕಾಗುತ್ತಿತ್ತು. ಅದಕ್ಕೇ ಹಾಡು ಹಾಕಿದೆ.

ಅಪ್ಪ ನಿನ್ನನ್ನು ಕೇಳುತ್ತಿದ್ದರು ಕೌಕೊ. ಎಲ್ಲವನ್ನೂ ಕೇಳುತ್ತಿದ್ದರು.

ಸಭಿಕರೇ, ಐದು ನಿಮಿಷ ಎಂದವನು ಎಷ್ಟು ತೆಗೆದುಕೊಂಡೆನೋ. ಸಹಿಸಿದ್ದಕ್ಕೆ ಕೃತಜ್ಞ. ಸಿನಿಕ್ಕಾ ಅವರೇ, ನಿಮಗೆ ಏನು ಹೇಳಿದರೂ ಕಡಿಮೆಯೇ, ಹಾಗಾಗಿ ಏನೂ ಹೇಳುವುದಿಲ್ಲ. ಕೌಕೊ, ನೀನು ಎದ್ದು ನಿಂತದ್ದು ಇಲ್ಲಿಂದ ಕಾಣುತ್ತಿದೆ. ಹೋಗುವುದಾದರೆ ಹೋಗು, ತಪ್ಪು ತಿಳಿಯುವುದಿಲ್ಲ. ಆದರೆ ನಾನು ಈಗ ಕೆಳಗಿಳಿದು ನಿನ್ನ ಕಡೆಗೇ ಬರುತ್ತಿದ್ದೇನೆ.

ಎಲ್ಲರಿಗೂ ನಮಸ್ಕಾರ.